ಏಳು ದೂರು ಕೇಳದವನು

ಸೋಮನಾಥನಿಗೆ ನಲವತ್ತಾರು ವರ್ಷ. ಘಾಟ್ಕೋಪರ್‌ನ ಒಂದು ಸೊಸೈಟಿಯ ಮೂರನೆಯ ಮಹಡಿಯಲ್ಲಿ ಹೆಂಡತಿ ರಾಧಿಕಾಳ ಜೊತೆ ಇದ್ದಾನೆ. ತಂದೆ ವಿಜಯಪುರದಿಂದ ಬಂದು ಜವಳಿ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡಿದವರು. ಇವನು ಒಂದು ವಿಮಾ ಕಚೇರಿಯಲ್ಲಿ ಅಧಿಕಾರಿ. ಕುಡಿಯುವುದಿಲ್ಲ, ಜಗಳಕ್ಕೆ ಹೋಗುವುದಿಲ್ಲ, ಸಿಕ್ಕಾಗ ನಕ್ಕು ನಮಸ್ಕಾರ ಮಾಡುತ್ತಾನೆ. ಅವನನ್ನು ಕೆಟ್ಟವನೆಂದು ಯಾರೂ ಹೇಳುವುದಿಲ್ಲ. ಬಹಳ ಕಾಲ ನಾನೂ ಹೇಳಲಿಲ್ಲ.

ಅವನು ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿಯಾಗಿದ್ದ. ನಾನು ಕಲಿಸುತ್ತಿದ್ದದ್ದು ಸಂಖ್ಯಾಶಾಸ್ತ್ರ. ಪರೀಕ್ಷೆಯಲ್ಲಿ ಎಂಟು ಪ್ರಶ್ನೆ, ಯಾವುದಾದರೂ ಐದಕ್ಕೆ ಉತ್ತರಿಸಿದರೆ ಸಾಕು. ಜೂನ್ ತಿಂಗಳ ಮೊದಲ ವಾರದಲ್ಲೇ ಇವನು ಹತ್ತು ವರ್ಷದ ಪ್ರಶ್ನೆಪತ್ರಿಕೆಗಳನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಮೇಡಂ, ಈ ಮೂರು ಪಾಠ ಬಿಟ್ರೂ ನಡೀತೈತಲ್ರಿ?" ಎಂದು ಕೇಳಿದ. ಓದಲು ಶುರು ಮಾಡುವ ಮೊದಲೇ ಬಿಡುವುದರ ಲೆಕ್ಕ ಹಾಕಿದ ಹುಡುಗನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಡೆಯುತ್ತದೆ ಎಂದೆ, ಏಕೆಂದರೆ ಅದು ನಿಜವಾಗಿತ್ತು. ಅವನು ಎರಡನೆಯ ದರ್ಜೆಯಲ್ಲಿ ಪಾಸಾದ. ಆ ಮೂರು ಪಾಠಗಳಲ್ಲಿ ಒಂದು, ಒಂದು ಮಾತು ಸಂಭವನೀಯವೋ ಅಲ್ಲವೋ ಎಂದು ಪರೀಕ್ಷಿಸುವುದು ಹೇಗೆ ಎಂಬುದರ ಬಗ್ಗೆ ಇತ್ತು.

ಮುಂದೆ ಅವನು ಬದುಕನ್ನೂ ಹಾಗೆಯೇ ಎರಡು ಭಾಗ ಮಾಡಿಕೊಂಡ. ಮಾಡಲೇಬೇಕಾದದ್ದು, ಬಿಟ್ಟರೂ ನಡೆಯುವುದು. ಮದುವೆಗೆ ಅಕ್ಷತೆಯ ಹೊತ್ತಿಗೆ ಬಂದು ಊಟ ಮುಗಿಸಿ ಹೋಗುತ್ತಾನೆ. ಮಾವ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಾಗ ಮೊದಲನೆಯ ದಿನ ಹೋದ, ಒಂಬತ್ತನೆಯ ದಿನ ಹೋದ. "ನಡುವಿನ ದಿನ ನಾ ಹೋಗಿ ಮಾಡೂದೇನಿತ್ರಿ? ಡಾಕ್ಟರ್ ಇದ್ರಲ್ಲ" ಎಂದು ನನ್ನ ಮುಂದೆಯೇ ಹೇಳಿದ. ರಾಧಿಕಾ ಒಂಬತ್ತು ದಿನವೂ ಎರಡು ಲೋಕಲ್ ರೈಲು ಬದಲಿಸಿ ಹೋಗಿಬಂದಳು.

ನಮ್ಮ ಕನ್ನಡ ಸಂಘ ಇರುವುದು ಸಯನ್‌ನಲ್ಲಿ. ಘಾಟ್ಕೋಪರ್‌ನಿಂದ ಸ್ಲೋ ಲೋಕಲ್ ಹತ್ತಿದರೆ ವಿದ್ಯಾವಿಹಾರ, ಕುರ್ಲಾ, ಆಮೇಲೆ ಸಯನ್. ಸೋಮನಾಥ ಸ್ಲೋ ಹತ್ತುವುದಿಲ್ಲ. ಸಯನ್‌ನಲ್ಲಿ ನಿಲ್ಲದ ಫಾಸ್ಟ್ ಹಿಡಿದು ದಾದರಕ್ಕೆ ಹೋಗಿ, ಸೇತುವೆ ಹತ್ತಿಳಿದು, ಅಲ್ಲಿಂದ ತಿರುಗಿ ಮಾಟುಂಗಾ ದಾಟಿ ಸಯನ್‌ಗೆ ಬರುತ್ತಾನೆ. ಹೀಗೆ ಮಾಡಿದರೆ ಸಮಯ ಉಳಿಯುತ್ತದೆ ಎಂದು ಇಪ್ಪತ್ತು ವರ್ಷದಿಂದ ನಂಬಿದ್ದಾನೆ. ರಾಧಿಕಾ ಸ್ಲೋದಲ್ಲಿ ಬಂದು, ಹಾಲ್‌ನಲ್ಲಿ ಕೂತು, ಅವನಿಗಾಗಿ ಕಾಯುತ್ತಾಳೆ.

ಅವನ ದೊಡ್ಡ ಹವ್ಯಾಸ ಕಂಪ್ಯೂಟರ್ ಆಟ. ಹಿಮದ ಬೆಟ್ಟಗಳು, ಡ್ರ್ಯಾಗನ್‌ಗಳು, ಕತ್ತಿ ಹಿಡಿದ ರಾಜರು ಇರುವ ಒಂದು ರಾಜ್ಯ. ಆಡುವವನು ಅದರಲ್ಲಿ ಒಬ್ಬ ವೀರನಾಗಿ ಊರೂರು ಸುತ್ತುತ್ತಾನೆ. ದಾರಿಯಲ್ಲಿ ಸಿಕ್ಕವರು ಏನಾದರೂ ಕೆಲಸ ಒಪ್ಪಿಸುತ್ತಾರೆ, ಅದಕ್ಕೆ ಕ್ವೆಸ್ಟ್ ಎನ್ನುತ್ತಾರೆ. ಮುಗಿಸಿದರೆ ಬಹುಮಾನ. ಆಟ ಮಾಡಿದ ಕಂಪನಿ ಕೊಟ್ಟದ್ದು ಸಾಲದೆ, ಆಡುವವರೇ ಹೊಸ ಊರು, ಹೊಸ ಜನ, ಹೊಸ ಕ್ವೆಸ್ಟ್ ಕಟ್ಟಿ ಪುಕ್ಕಟೆಯಾಗಿ ಹಂಚುತ್ತಾರೆ. ಅದು ಮಾಡ್. ಬೇಕಾದವರು ಸೇರಿಸಿಕೊಳ್ಳಬಹುದು, ಬೇಡದವರು ಬಿಡಬಹುದು. ಸೋಮನಾಥನ ಕಂಪ್ಯೂಟರಿನಲ್ಲಿ ನೂರ ನಲವತ್ತು ಮಾಡ್‌ಗಳಿವೆ. ಕುದುರೆ ಚೆಂದ ಕಾಣುವ ಮಾಡ್, ನಡಿಗೆ ಜೋರಾಗುವ ಮಾಡ್ ಬಳಸುತ್ತಾನೆ. ಕತೆ ಇರುವುದನ್ನು ಬಳಸುವುದಿಲ್ಲ. ಯಾರಾದರೂ ಎದುರು ನಿಂತು ಮಾತು ಶುರು ಮಾಡಿದರೆ ಒಂದು ಕೀ ಒತ್ತಿ ಅವರ ಬಾಯಿ ಮುಚ್ಚಿಸುತ್ತಾನೆ. ಅದಕ್ಕೂ ಬಗ್ಗದಿದ್ದರೆ ಪರದೆಯ ಮೇಲೆ ಒಂದು ಕಪ್ಪು ಪಟ್ಟಿ ತೆರೆಯುತ್ತಾನೆ. ಅದರಲ್ಲಿ ಒಂದು ಸಾಲಿನ ಕಮಾಂಡ್ ಟೈಪ್ ಮಾಡಿದರೆ, ಈ ಕೆಲಸ ಮುಗಿದಿದೆ ಎಂದು ಆಟ ನಂಬುತ್ತದೆ. ಬಹುಮಾನ ಚೀಲಕ್ಕೆ ಬಂದು ಬೀಳುತ್ತದೆ.

"ಒಂಬೈನೂರು ತಾಸು ಆಡೀನ್ರಿ ಮೇಡಂ" ಎಂದು ಅವನು ಎದೆಯುಬ್ಬಿಸಿ ಹೇಳುತ್ತಾನೆ.

"ಆಡದೆ ಇರುವುದಕ್ಕೆ ಅಷ್ಟೊಂದು ಮಾಡ್ ಯಾಕೆ ಹಾಕಿಕೊಂಡಿದ್ದೀಯ?" ಎಂದು ಒಮ್ಮೆ ಕೇಳಿದೆ.

"ಇರ್ಲಿ ಬಿಡ್ರಿ. ನೋಡಿದವ್ರು ಅಬ್ಬಾ ಅಂತಾರ."

ಈಗ ನಿಶಾಳ ವಿಷಯ. ಅವಳಿಗೆ ಇಪ್ಪತ್ತು ವರ್ಷ. ತಾಯಿ ಮೋಹಿನಿ ಉಡುಪಿ ಕಡೆಯವರು, ಸಾಂತಾಕ್ರೂಜ್‌ನಲ್ಲಿ ಸಣ್ಣ ಹೋಟೆಲು ನಡೆಸುತ್ತಾರೆ. ಹುಡುಗಿ ಮನೆಯಲ್ಲಿ ತುಳು, ಹೊರಗೆ ಹಿಂದಿ ಮಾತಾಡುತ್ತಾಳೆ. ಕನ್ನಡವನ್ನು ಬಿಸಿ ಪಾತ್ರೆ ಹಿಡಿದಂತೆ ತುಸು ಹೆದರಿ ಹಿಡಿಯುತ್ತಾಳೆ. ಅವಳು ಮತ್ತು ಅವಳ ಗೆಳೆಯ ಧನರಾಜ್ ಸೇರಿ ಒಂದೂವರೆ ವರ್ಷ ಕೂತು ಅದೇ ಆಟಕ್ಕೆ ಒಂದು ಕನ್ನಡ ಕ್ವೆಸ್ಟ್ ಕಟ್ಟಿದರು. ಹಿಮದ ನಡುವೆ ಒಂದು ಬಾವಿ. ಬಾವಿಯ ಕಟ್ಟೆಯ ಮೇಲೆ ಇಳಕಲ್ ಸೀರೆ ಉಟ್ಟ ಮುದುಕಿ. ಅವಳ ಸೊಂಟದಲ್ಲಿ ಒಂದು ಬೀಗದ ಕೈ. ವೀರನಿಗೆ ಅದು ಬೇಕು. ಅವನು ಯಾರನ್ನೂ ಕೊಲ್ಲಬೇಕಾಗಿಲ್ಲ. ಮುದುಕಿಯ ಏಳು ದೂರು ಕೇಳಬೇಕು, ಅಷ್ಟೆ. ನಡುವೆ ಯಾವ ಕೀ ಒತ್ತಿದರೂ ಅವಳು, "ಎಲ್ಲಿದ್ನಿ ನಾನು? ತಡಿ, ಮೊದಲಿಂದ ಹೇಳ್ತೀನಿ" ಎಂದು ಮತ್ತೆ ಒಂದನೆಯ ದೂರಿಗೆ ಹೋಗುತ್ತಾಳೆ.

ಮುದುಕಿಗೆ ದನಿ ಕೊಟ್ಟವರು ನಮ್ಮ ಸಂಘದ ನೀಲಾವತಿ. ಎಪ್ಪತ್ತೆಂಟು ವರ್ಷ, ಬಸವನಬಾಗೇವಾಡಿ ಕಡೆಯವರು, ಐವತ್ತು ವರ್ಷದಿಂದ ಸಯನ್‌ನಲ್ಲಿದ್ದಾರೆ. ಯಾರೋ ಬರೆದುಕೊಟ್ಟ ಮಾತನ್ನು ಅವರು ಓದಲಿಲ್ಲ. ಜರಡಿ ಒಯ್ದು ತಿರುಗಿ ಕೊಡದ ನೆರೆಯವಳು, ಎಡಗೈ ತಾಗಿದರೆ ಒದೆಯುವ ಎಮ್ಮೆ, ಕಂಬಳಿಯಂಥ ದಪ್ಪ ರೊಟ್ಟಿ ಬಡಿಯುವ ನಾದಿನಿ ಎಂದು ತಾವೇ ಒಂದೊಂದಾಗಿ ಹೇಳುತ್ತಾ ಹೋದರು. ರೆಕಾರ್ಡಿಂಗ್ ನಡುವೆ ಧನರಾಜ್ ಕೆಮ್ಮಿದಾಗ ನಿಜವಾಗಿಯೂ ಮೊದಲಿನಿಂದ ಶುರು ಮಾಡಿದರು. ಹುಡುಗರು ಅದನ್ನೇ ಆಟದ ನಿಯಮ ಮಾಡಿದರು. ನಾನು ಪೂರ್ತಿ ಕೇಳಿದ್ದೇನೆ. ಮುದುಕಿಯ ತುಟಿ ಮಾತಿಗಿಂತ ಸ್ವಲ್ಪ ತಡವಾಗಿ ಆಡುತ್ತದೆ, ಹಿಮದ ಮೇಲೆ ಅವಳ ನೆರಳು ಬೀಳುವುದಿಲ್ಲ. ಆದರೂ ಅದು ಮೈಮುರಿದು ಮಾಡಿದ ಕೆಲಸ.

ಅವರಿಗೆ ಬೇಕಾಗಿದ್ದದ್ದು ಒಂದು ಕೋಣೆ. ಸಾಂತಾಕ್ರೂಜ್‌ನ ಮನೆಯಲ್ಲಿ ರೆಕಾರ್ಡ್ ಮಾಡಿದರೆ ಪ್ರತಿ ದೂರಿನಲ್ಲೂ ಒಂದು ವಿಮಾನ ಇಳಿಯುತ್ತಿತ್ತು. ಸಂಘದ ಹಾಲ್‌ನ ಹಿಂದೆ ಕಿಟಕಿಯಿಲ್ಲದ ಒಂದು ಚಿಕ್ಕ ಕೋಣೆ ಇದೆ. ಬಾಗಿಲು ಹಾಕಿದರೆ ರಸ್ತೆಯ ಸದ್ದು ಕೂಡ ಒಳಗೆ ಬರುವುದಿಲ್ಲ. ಪ್ರತಿ ಭಾನುವಾರ ಅದನ್ನು ತಮಗೆ ಬಿಟ್ಟುಕೊಡಬೇಕು, ಇನ್ನೂ ಆರು ಮುದುಕ ಮುದುಕಿಯರ ದನಿ ಹಿಡಿಯುವುದಿದೆ ಎಂದು ನಿಶಾ ಅರ್ಜಿ ಕೊಟ್ಟಳು. ಅದೇ ಕೋಣೆಯ ಮೇಲೆ ಮುರಿಗೆಪ್ಪನ ಕಣ್ಣೂ ಇತ್ತು. ಅವನು ವಾರ್ಷಿಕೋತ್ಸವದ ನಾಟಕ ನಡೆಸುವವನು. ಹಲಗೆಯ ಸಿಂಹಾಸನ, ಗದೆ, ಪರದೆ ಇಡಲು ಅವನಿಗೆ ಜಾಗ ಬೇಕಿತ್ತು.

ಅಧ್ಯಕ್ಷ ಅಣವೀರಪ್ಪನವರು ಬೆಳಗಾವಿಯ ಬಟ್ಟೆ ವ್ಯಾಪಾರಿ. ಯಾವ ಪ್ರಶ್ನೆಯನ್ನೂ ಇನ್ನೊಬ್ಬರ ತಲೆಗೆ ಕಟ್ಟುವುದರಲ್ಲಿ ನಿಪುಣರು. "ತಜ್ಞರು ಪೂರ್ತಿ ಆಡಿ ನೋಡಿ ವರದಿ ಕೊಡ್ಲಿ. ಚಲೋ ಐತಿ ಅಂದ್ರ ಹುಡುಗರಿಗೆ, ಇಲ್ಲಾಂದ್ರ ಮುರಿಗೆಪ್ಪಗ" ಎಂದರು. ತಜ್ಞ ಯಾರು? ಒಂಬೈನೂರು ತಾಸಿನ ಸೋಮನಾಥ. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ಅವನ ಪ್ರಶ್ನೆಪತ್ರಿಕೆಗಳನ್ನು ನೋಡಿದ್ದ ನಾನು ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕಾಗಿತ್ತು.

ಆಮೇಲೆ ನಡೆದದ್ದನ್ನು ರಾಧಿಕಾ ಹೇಳಿದಳು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಅವನು ನಿಶಾಳ ಮಾಡ್ ಸೇರಿಸಿ ಆಟ ತೆರೆದ. ಬಾವಿಯ ಹತ್ತಿರ ಹೋದ. ಮುದುಕಿ ಜರಡಿಯ ವಿಷಯ ಎತ್ತಿದಳು. ಕೀ ಒತ್ತಿದ, ಅವಳು ಮೊದಲಿನಿಂದ ಶುರು ಮಾಡಿದಳು. ಮೂರನೆಯ ಸಲಕ್ಕೆ ಕಪ್ಪು ಪಟ್ಟಿ ತೆರೆದು ಒಂದು ಸಾಲು ಟೈಪ್ ಮಾಡಿದ. ಬೀಗದ ಕೈ ಚೀಲಕ್ಕೆ ಬಂತು. ಎಲ್ಲಾ ಸೇರಿ ಆರು ನಿಮಿಷ. ಆಮೇಲೆ ಸಂಜೆಯವರೆಗೆ ಕೂತು ಎರಡು ಪುಟದ ವರದಿ ಬರೆದ.

ಇದು ಅವನು ಕಂಡುಹಿಡಿದ ವಿದ್ಯೆಯಲ್ಲ. ನಮ್ಮ ಸಂಘದ ಪುಸ್ತಕ ಬಿಡುಗಡೆಗಳಲ್ಲಿ ಮಾತಾಡುವವರಲ್ಲಿ ಅರ್ಧಕ್ಕರ್ಧ ಜನ ವೇದಿಕೆಯ ಮೇಲೆಯೇ ಹಾಳೆಗಳನ್ನು ಬಿಡಿಸುತ್ತಾರೆ. ಮುನ್ನುಡಿ ನೋಡಿ, ಬೆನ್ನುಡಿ ನೋಡಿ, ಮಣ್ಣಿನ ವಾಸನೆ, ತಾಯಿಯ ಕಣ್ಣೀರು ಎಂದು ಇಪ್ಪತ್ತು ನಿಮಿಷ ಸಾಗಿಸುತ್ತಾರೆ. ಲೇಖಕನಿಗೂ ಗೊತ್ತು, ಸಭೆಗೂ ಗೊತ್ತು. ಶಾಲು ಹೊದಿಸಿ ಕಳಿಸುತ್ತಾರೆ. ಅಂಥ ಸಭೆಗಳಲ್ಲಿ ಬೆಳೆದವನು ಸೋಮನಾಥ. ಕನ್ನಡದಲ್ಲಿರುವ ಯಾವುದಕ್ಕೂ ಅದೇ ವರದಿ ಸಲ್ಲುತ್ತದೆ ಎಂದುಕೊಂಡ.

ಸಭೆಯಲ್ಲಿ ನಿಂತು ಓದಿದ. ಮೊದಲ ಪುಟ ಪೂರ್ತಿ ಭಾಷಾಭಿಮಾನ. ಎರಡನೆಯ ಪುಟದಲ್ಲಿ, "ಕಳೆದುಹೋದ ಮಗನಿಗಾಗಿ ಬಾವಿಯ ದಂಡೆಯಲ್ಲಿ ಕಾಯುತ್ತಿರುವ ಆ ತಾಯಿಯ ಸಂಕಟ ಕಂಡು ನನ್ನ ಕಣ್ಣುಗಳು ತೇವಗೊಂಡವು" ಎಂಬ ವಾಕ್ಯ ಬಂತು.

ನೀಲಾವತಿ ಕಿವಿಯ ಯಂತ್ರ ಸರಿಮಾಡಿಕೊಂಡರು. "ಏನಂದ್ಯೋ ತಮ್ಮಾ? ನನಗ್ಯಾವ ಮಗಾ?"

"ಆಯಿ, ಅದು ಕತಿಯೊಳಗ."

"ಕತಿಯೊಳಗ ಯಾವ ಮಗಾ ಅಂತನಽ ಕೇಳಾಕತ್ತೀನಿ. ಏಳು ದೂರು ಹೇಳೀನಿ. ಎಮ್ಮಿ ಐತಿ, ನಾದ್ನಿ ಅದಾಳ. ಮಗನ್ನ ನೀ ಎಲ್ಲಿಂದ ತಂದಿ? ಹಡದಿ ಏನು?"

ಜನ ನಕ್ಕರು. ಸೋಮನಾಥನೂ ನಕ್ಕ. ಅವನಿಗೆ ನಾಚಿಕೆ ಎಂಬುದು ಐಚ್ಛಿಕ ವಿಷಯ. "ಅದು ಸೂಚ್ಯ ಐತ್ರಿ. ಎಮ್ಮಿ ಅಂದ್ರ ಎಮ್ಮಿ ಅಲ್ಲ. ಒಳಾರ್ಥ ತಗೋಬೇಕು."

"ಒದ್ದಿದ್ದು ಎಮ್ಮೀನಽ" ಎಂದರು ನೀಲಾವತಿ. "ಮೊಣಕಾಲು ತೋರಿಸ್ಲೇನು?"

ಮುರಿಗೆಪ್ಪ ಇದೇ ಸಮಯವೆಂದು ಎದ್ದು ನಿಂತ. "ಅಧ್ಯಕ್ಷರ, ಇವ ಆಡೇ ಇಲ್ಲ. ವರದಿ ರದ್ದು ಮಾಡ್ರಿ, ಕ್ವಾಣಿ ನನಗ ಕೊಡ್ರಿ." ನಿಶಾ ತಲೆ ತಗ್ಗಿಸಿ ಕೂತಿದ್ದಳು. ಅವಳ ಒಂದೂವರೆ ವರ್ಷದ ಕೆಲಸವನ್ನು ಆರೇ ನಿಮಿಷ ನೋಡಿದವನ ಹೊಗಳಿಕೆಯೇ ಅವಳಿಗಿದ್ದ ಒಂದೇ ಆಧಾರ, ಅದೂ ಈಗ ಜಾರುತ್ತಿತ್ತು. ಅಣವೀರಪ್ಪನವರು ಗಡಿಯಾರ ನೋಡಿ ತೀರ್ಮಾನ ಕೊಟ್ಟರು. ಮುಂದಿನ ಭಾನುವಾರ ಸೋಮನಾಥ ಇಲ್ಲೇ, ಹಾಲ್‌ನಲ್ಲೇ, ಎಲ್ಲರ ಮುಂದೆ ಆಡಬೇಕು. ಮಧ್ಯಾಹ್ನ ಒಂದು ಗಂಟೆಯೊಳಗೆ ಅವನು ಏಳು ದೂರು ಕೇಳಿ ಬೀಗದ ಕೈ ಪಡೆದರೆ ಕೋಣೆ ಹುಡುಗರಿಗೆ. ಇಲ್ಲದಿದ್ದರೆ ಮುರಿಗೆಪ್ಪನಿಗೆ. ಕಪ್ಪು ಪಟ್ಟಿ ತೆರೆದರೆ ಅದು ಮೋಸ ಎಂದು ಧನರಾಜ್ ಬರೆಸಿದ.

ಏಳು ದೂರಿಗೆ ಬೇಕಾದದ್ದು ಮೂವತ್ತೊಂದು ನಿಮಿಷ. ಭಾನುವಾರ ಹನ್ನೊಂದಕ್ಕೆ ಆಟ ಶುರುವಾಯಿತು. ಅಂದರೆ ಎರಡು ತಾಸು. ಎರಡು ತಾಸಿನಲ್ಲಿ ಮೂವತ್ತೊಂದು ನಿಮಿಷ ಕೈ ಕಟ್ಟಿ ಕೂರಲು ಯಾವ ತಜ್ಞತೆಯೂ ಬೇಕಿಲ್ಲ.

ಅವನಿಂದ ಆಗಲಿಲ್ಲ. ಜರಡಿ ಮುಗಿದು ಎಮ್ಮೆ ಬರುವಷ್ಟರಲ್ಲಿ ಅವನ ಬೆರಳು ಕೀ ಮೇಲೆ ಹೋಯಿತು. "ಎಲ್ಲಿದ್ನಿ ನಾನು? ತಡಿ, ಮೊದಲಿಂದ ಹೇಳ್ತೀನಿ." ಎರಡನೆಯ ಸಲ ನಾದಿನಿಯವರೆಗೆ ಬಂದ. ಮುದುಕಿ ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ಸುಮ್ಮನಾದಳು, ಇವನು ಮುಗಿಯಿತೆಂದು ಒತ್ತಿದ. ಮೂರನೆಯ ಸಲ ಫೋನ್ ನೋಡಲು ಹೋಗಿ ಮೊಣಕೈ ತಾಗಿಸಿದ. ಬೇಕೆಂದೇ ಮಾಡುತ್ತಿದ್ದಾನೆ ಎಂದು ಧನರಾಜ್ ಅಂದುಕೊಂಡ. ನಾನು ಹಾಗೆ ಅಂದುಕೊಳ್ಳಲಿಲ್ಲ. ಒಬ್ಬರ ಮಾತು ಮುಗಿಯುವವರೆಗೆ ಕಾಯುವುದು ಆ ಮನುಷ್ಯನಿಗೆ ನಿಜಕ್ಕೂ ಬರುವುದಿಲ್ಲ.

"ನಾ ಇಲ್ಲೇ ಕುಂತೀನಲ್ಲೋ" ಎಂದರು ನೀಲಾವತಿ ಹಿಂದಿನಿಂದ. "ನನ್ನ ಮುಂದಽ ನನ್ನ ಬಾಯಿ ಎಷ್ಟು ಸಲ ಮುಚ್ಚಿಸ್ತಿ?"

"ಆಯಿ, ನೀವು ಸ್ವಲ್ಪ ಶಾರ್ಟ್‌ನಾಗ ಹೇಳಬೇಕಿತ್ರಿ."

"ಐವತ್ತು ವರ್ಷ ಶಾರ್ಟ್‌ನಾಗನಽ ಹೇಳೀನಿ. ಈ ಹುಡುಗಿ ಬಂದು, ಅಜ್ಜಿ, ಪೂರ್ತಿ ಹೇಳಿ ಅಂದ್ಲು."

ಹನ್ನೆರಡು ಗಂಟೆಗೆ ಬೇಸತ್ತು ಕಮಿಟಿಯವರೆಲ್ಲ, ಮುರಿಗೆಪ್ಪ, ಧನರಾಜ್ ಕೂಡ, ಚಹಾಕ್ಕೆ ಕೆಳಗಿಳಿದರು. ನೀಲಾವತಿಯ ಬಳಿ ನಾನು, ಪರದೆಯ ಪಕ್ಕ ನೆಲದ ಮೇಲೆ ನಿಶಾ, ಗೋಡೆಗೆ ಒರಗಿ ರಾಧಿಕಾ ಉಳಿದೆವು. ಸೋಮನಾಥ ಬಾಗಿಲ ಕಡೆ ನೋಡಿ ನಿಶಾಳತ್ತ ಬಗ್ಗಿದ.

"ನಿಶಾ, ನೀನಽ ಕಮಾಂಡ್ ಹಾಕಿಬಿಡು. ಒಂದಽ ಲೈನು. ಬೀಗದ ಕೈ ಬರ್ತೈತಿ, ಪಟ್ಟಿ ಮುಚ್ಚು. ಕೌನ್ ದೇಖ್ತಾ ಹೈ, ಯಾರ್ ನೋಡ್ತಾರ? ಕ್ವಾಣಿ ನಿಮ್ಮದು."

ನಾವು ಮೂವರು ಹೆಂಗಸರು ಅಲ್ಲಿ ಕೂತಿರುವುದು ಅವನ ಲೆಕ್ಕಕ್ಕೆ ಬಂದಿರಲಿಲ್ಲ. ನಿಶಾ ಕೀಬೋರ್ಡ್ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳಿಗೆ ಆ ಕೋಣೆ ಎಷ್ಟು ಬೇಕಾಗಿತ್ತು ಎಂಬುದು ಆ ನೋಟದಲ್ಲಿ ಇತ್ತು.

"ನಕೋ, ಬೇಡ ಅಂಕಲ್" ಎಂದಳು. "ನಾನು... ಮೈನೇ ಬನಾಯಾ ಹೈ ನಾ, ಕಟ್ಟಿದ್ದು ನಾನೇ ಅಲ್ವಾ. ನಾನೇ ಸ್ಕಿಪ್ ಮಾಡಿದ್ರೆ ಹೇಗೆ?"

"ಹಂಗಾರ ನಿನ್ನ ಹಣೇಬರಾ" ಎಂದು ಅವನೂ ಚಹಾಕ್ಕೆ ಹೋದ.

ಕುರ್ಚಿ ಖಾಲಿಯಾಯಿತು. ಕೀಬೋರ್ಡನ್ನು ಯಾರೂ ಮುಟ್ಟಲಿಲ್ಲ. ಪರದೆಯ ಮೇಲೆ ಮುದುಕಿ ಜರಡಿಯ ಮಾತು ಮುಗಿಸಿದಳು, ಎಮ್ಮೆಯದು ಮುಗಿಸಿದಳು. ನಾದಿನಿಯ ರೊಟ್ಟಿ ಬಂತು, ಹೋಯಿತು. ಐದನೆಯ ದೂರು ಗಂಡನದು. ನಲವತ್ತು ವರ್ಷದಲ್ಲಿ ಒಂದು ದಿನವೂ ನಿನಗೆ ಊಟವಾಯಿತೇ ಎಂದು ಕೇಳದ ಗಂಡ. ರಾಧಿಕಾ ಗೋಡೆ ಬಿಟ್ಟು ಮುಂದೆ ಬಂದು ಕೂತಳು. ಹನ್ನೆರಡೂ ನಲವತ್ತಕ್ಕೆ ಏಳನೆಯ ದೂರು ಮುಗಿಯಿತು. ಮುದುಕಿ ಸೊಂಟದಿಂದ ಬೀಗದ ಕೈ ಬಿಚ್ಚಿ, "ತಗೋ. ಕೇಳಿದಿ, ಸಾಕು" ಎಂದಳು. ಪರದೆಯ ಮೂಲೆಯಲ್ಲಿ ಕ್ವೆಸ್ಟ್ ಮುಗಿದ ಗುರುತು ಮೂಡಿತು.

ಕಮಿಟಿಯವರು ಮೆಟ್ಟಿಲು ಹತ್ತಿ ಬಂದರು. ಹಿಂದೆಯೇ ಒಂದು ಗಂಟೆಗೆ ಹಾಲ್ ಹಿಡಿದಿದ್ದ ನಾಮಕರಣದವರು ತೊಟ್ಟಿಲು ಹೊತ್ತುಕೊಂಡು ಬಾಗಿಲಲ್ಲಿ ನಿಂತರು. "ಆತೇನು?" ಎಂದರು ಅಣವೀರಪ್ಪ.

ಸೋಮನಾಥ ಪರದೆ ನೋಡಿದ. ಒಂದು ಕ್ಷಣವೂ ತಡವರಿಸಲಿಲ್ಲ. "ಆತ್ರಿ ಕಾಕಾ. ಈಗಽ ಮುಗಿಸಿ, ಒಂದ್ ಕಪ್ ಚಾ ಕುಡದ್ ಬರೂಣಂತ ಇಳಿದಿದ್ನಿ. ಏಳೂ ಕೇಳೀನಿ. ಭಾಳ ಚಲೋ ಅದಾವು."

ಎಲ್ಲರೂ ನಿಶಾಳನ್ನು ನೋಡಿದರು. ಅವಳು ಹೂಂ ಎನ್ನಬೇಕಾಗಿಯೂ ಇರಲಿಲ್ಲ. ಸುಮ್ಮನಿದ್ದರೆ ಸಾಕಾಗಿತ್ತು. ಅಣವೀರಪ್ಪನವರ ಕೈ ಆಗಲೇ ಪೆನ್ನಿನ ಕಡೆ ಹೋಗಿತ್ತು.

"ಆಟ ಮುಗೀತು" ಎಂದಳು ನಿಶಾ. "ಆದ್ರೆ ಅಂಕಲ್ ಮುಗಿಸಿಲ್ಲ. ಅವ್ರು ಹೋದ್ಮೇಲೆ ಕುರ್ಸಿ ಖಾಲಿ ಇತ್ತು. ಅದು ತಾನೇ... ಆಪೇ ಆಪ್ ಆಯ್ತು."

"ಕುರ್ಚಿ ಕೇಳೇತಿ" ಎಂದರು ನೀಲಾವತಿ. "ಇವನಕಿಂತ ಚಲೋ ಕೇಳೇತಿ. ವರದಿ ಅದರ ಕಡೆಯಿಂದ ಬರಸ್ರಿ."

ಮುರಿಗೆಪ್ಪನಿಗೆ ಅಷ್ಟು ಸಾಕಾಗಿತ್ತು. ಪರೀಕ್ಷಕ ಮುಗಿಸಬೇಕು ಎಂದು ಠರಾವಿನಲ್ಲಿದೆ, ಕುರ್ಚಿ ಪರೀಕ್ಷಕನಲ್ಲ ಎಂದ. ಕೇಳಿದವರು ನಾವು ಮೂವರಿದ್ದೇವೆ ಎಂದು ನಾನು ಹೇಳಿದೆ. ನಾವು ತಜ್ಞರಲ್ಲ ಎಂದು ಅಣವೀರಪ್ಪನವರು ವಿನಯದಿಂದ ತಿಳಿಸಿದರು. ತೊಟ್ಟಿಲಿನವರು ಒಳಗೆ ಬರತೊಡಗಿದ್ದರು. ಕೋಣೆ ಮುರಿಗೆಪ್ಪನಿಗೆ ಎಂದು ನಿಂತಲ್ಲೇ ಬರೆದು ರುಜು ಮಾಡಿದರು. ಅರ್ಧ ತಾಸಿನಲ್ಲಿ ಹಲಗೆಯ ಸಿಂಹಾಸನ ಒಳಗೆ ಹೋಯಿತು.

ನಿಶಾ ವೈರುಗಳನ್ನು ಸುತ್ತಿ ಚೀಲಕ್ಕೆ ಹಾಕಿದಳು. ಅಳಲಿಲ್ಲ. ಮುಂದಿನ ಭಾನುವಾರ ಸಾಂತಾಕ್ರೂಜ್‌ಗೆ ಬರುತ್ತೀರಾ ಎಂದು ನೀಲಾವತಿಯನ್ನು ಕೇಳಿದಳು. ವಿಮಾನ ಬಂದಾಗ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಅವರು ಒಪ್ಪಿದರು.

ನಾನು ಇಳಿಯುವಾಗ ಸೋಮನಾಥ ಮೆಟ್ಟಿಲ ತಿರುವಿನಲ್ಲಿ ರಾಧಿಕಾಳ ಜೊತೆ ನಿಂತಿದ್ದ. ಮುಖ ಕೆಂಪಾಗಿತ್ತು.

"ಮೇಡಂ, ನೀವಽ ಹೇಳ್ರಿ. ಆಕೀ ಸಲುವಾಗಿ ನಾ ಎಲ್ಲಾರ ಮುಂದ ಸುಳ್ಳು ಹೇಳಿದ್ನಿ. ನನಗೇನು ಬರೂದಿತ್ತು ಅದರಾಗ? ಒಂದ್ ಮಾತು ಥ್ಯಾಂಕ್ಸ್ ಇಲ್ಲ. ಉಲ್ಟಾ ನನ್ನ ಮರ್ಯಾದಿ ತಗದ್ಲು."

ರಾಧಿಕಾ ಅವನನ್ನು ಅಲ್ಲೇ ಬಿಟ್ಟು ಸ್ಟೇಷನ್ ಕಡೆ ನಡೆದಳು. ಅವನು ಕಣ್ಣು ಒರೆಸಿಕೊಂಡ. ಅದು ನಾಟಕವಾಗಿರಲಿಲ್ಲ. ಮೂವತ್ತೊಂದು ನಿಮಿಷ ಕೂತಿದ್ದರೆ ಆ ಹುಡುಗಿಗೆ ಕೋಣೆ ಸಿಗುತ್ತಿತ್ತು ಎಂಬುದು ಅವನ ತಲೆಯ ಹತ್ತಿರವೂ ಸುಳಿದಿರಲಿಲ್ಲ. ತಾನು ಒಂದು ಉಪಕಾರ ಮಾಡಿದೆ, ಅದನ್ನು ಒದ್ದರು ಎಂದು ಅವನು ನಿಜವಾಗಿಯೂ ನೊಂದಿದ್ದ. ಅಲ್ಲಿಯವರೆಗೆ ನಾನು ಅವನನ್ನು ಬರೀ ಸೋಮಾರಿ ಎಂದುಕೊಂಡಿದ್ದೆ.